ಎಜಿಎಂ ನಡೆಸಿಲ್ಲ, ಲೆಕ್ಕಪತ್ರ ಸಲ್ಲಿಸಿಲ್ಲ: ಎನ್‌ಸಿಎಲ್‌ಟಿಗೆ ಹೋಗುವ ಮುನ್ನ ಮಾಡಬೇಕಾದ್ದು, ಹೋದ ಮೇಲೆ ಆಗುವುದು

"ಎರಡು ವರ್ಷದಿಂದ ಎಜಿಎಂ (ವಾರ್ಷಿಕ ಮಹಾಸಭೆ) ಮಾಡಿಲ್ಲ, ಬ್ಯಾಲೆನ್ಸ್ ಶೀಟ್ ಹಾಕಿಲ್ಲ. ಕೋರ್ಟಿಗೆ ಒಂದು ಅರ್ಜಿ ಕೊಟ್ಟರೆ ಎಲ್ಲಾ ಮಾಫಿ ಆಗುತ್ತಂತೆ, ಹೌದಾ?" ಪ್ರೈವೇಟ್ ಲಿಮಿಟೆಡ್ ಕಂಪನಿ ನಡೆಸುವವರಿಂದ ಈ ಪ್ರಶ್ನೆ ಪದೇಪದೇ ಬರುತ್ತಿದೆ. ಉತ್ತರ: ಎಲ್ಲವನ್ನೂ ಒಂದೇ ಏಟಿಗೆ ಮನ್ನಾ ಮಾಡುವ ಅರ್ಜಿ ನಮ್ಮ ಕಾನೂನಿನಲ್ಲಿಲ್ಲ. ನೀವು ತಪ್ಪಿಸಿದ್ದು ಒಂದು ಕೆಲಸವಲ್ಲ, ಮೂರು ನಾಲ್ಕು ಬೇರೆಬೇರೆ ಕೆಲಸಗಳು. ಅವುಗಳಲ್ಲಿ ಕೆಲವಕ್ಕೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಾಧಿಕರಣದ, ಅಂದರೆ ಎನ್‌ಸಿಎಲ್‌ಟಿಯ, ಗೊಡವೆಯೇ ಬೇಡ. ಇನ್ನು ಕೆಲವಕ್ಕೆ ಅಲ್ಲಿಗೆ ಹೋಗದೆ ಗತಿಯಿಲ್ಲ. ಎರಡಕ್ಕೂ ಷರತ್ತು ಒಂದೇ: ಮೊದಲು ತಪ್ಪನ್ನು ಸರಿಪಡಿಸಿ, ಆಮೇಲೆ ರಿಯಾಯಿತಿ ಕೇಳಿ. ಸಭೆಯನ್ನೇ ನಡೆಸದೆ ಹೋದವರಿಗೆ ಬೆಂಚ್ ಕೇಳುವ ಮೊದಲ ಪ್ರಶ್ನೆಗೇ ಉತ್ತರ ಇರುವುದಿಲ್ಲ.

ಇಲ್ಲಿ ಹೇಳಿರುವುದು 2013ರ ಕಂಪನಿ ಕಾಯ್ದೆಯ ಪ್ರಕಾರ, 2019 ಮತ್ತು 2020ರ ತಿದ್ದುಪಡಿಗಳನ್ನು ಸೇರಿಸಿಕೊಂಡು. ಮಾರ್ಚ್ 31ಕ್ಕೆ ಲೆಕ್ಕ ಮುಗಿಸುವ, ಷೇರುಪೇಟೆಯಲ್ಲಿ ಇಲ್ಲದ ಸಾಮಾನ್ಯ ಖಾಸಗಿ ಕಂಪನಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಒಬ್ಬರೇ ಸದಸ್ಯರಿರುವ ಕಂಪನಿಗೆ, ಅಂದರೆ ಒಪಿಸಿಗೆ, ಎಜಿಎಂ ಬೇಕಿಲ್ಲ. ಅಂಥವರು ಲೆಕ್ಕಪತ್ರದ ಭಾಗವನ್ನಷ್ಟೇ ಓದಿಕೊಳ್ಳಿ.

ಹಂತ 1: ಏನೇನು ತಪ್ಪಿದೆ ಎಂದು ಬಿಡಿಸಿ ಬರೆಯಿರಿ

ಒಂದು ಹಾಳೆ ತೆಗೆದುಕೊಂಡು ಪ್ರತಿ ಹಣಕಾಸು ವರ್ಷಕ್ಕೂ ಒಂದು ಸಾಲು ಹಾಕಿ, ಈ ನಾಲ್ಕನ್ನು ಗುರುತಿಸಿ.

ಒಂದು, ವಾರ್ಷಿಕ ಮಹಾಸಭೆ, ಅಂದರೆ ಎಜಿಎಂ. ಸೆಕ್ಷನ್ 96ರಂತೆ ವರ್ಷ ಮುಗಿದ 6 ತಿಂಗಳೊಳಗೆ, ಅಂದರೆ ಸೆಪ್ಟೆಂಬರ್ 30ರೊಳಗೆ ನಡೆಯಬೇಕು. ಎರಡು ಸಭೆಗಳ ನಡುವೆ 15 ತಿಂಗಳಿಗಿಂತ ಹೆಚ್ಚು ಅಂತರ ಇರಬಾರದು. ಹೊಸ ಕಂಪನಿಯ ಮೊದಲ ಸಭೆಗೆ ಮಾತ್ರ 9 ತಿಂಗಳ ಅವಕಾಶ. ತಪ್ಪಿದರೆ ಸೆಕ್ಷನ್ 99ರಡಿ ಕಂಪನಿಗೂ ಹೊಣೆಗಾರ ಅಧಿಕಾರಿಗಳಿಗೂ 1 ಲಕ್ಷ ರೂಪಾಯಿವರೆಗೆ ಜುಲ್ಮಾನೆ. ತಪ್ಪು ಮುಂದುವರಿದರೆ ದಿನಕ್ಕೆ 5,000 ರೂಪಾಯಿವರೆಗೆ ಹೆಚ್ಚುವರಿ.

ಎರಡು, ಆ ಸಭೆಯ ಮುಂದೆ ಲೆಕ್ಕಪತ್ರ ಮಂಡಿಸುವುದು, ಸೆಕ್ಷನ್ 129. ಇದನ್ನು ಉಲ್ಲಂಘಿಸಿದರೆ ಹೊಣೆ ಹೊತ್ತ ನಿರ್ದೇಶಕರಿಗೆ 1 ವರ್ಷದವರೆಗೆ ಸೆರೆ, ಅಥವಾ 50,000ದಿಂದ 5 ಲಕ್ಷದವರೆಗೆ ಜುಲ್ಮಾನೆ, ಅಥವಾ ಎರಡೂ. "ಸಭೆಯೇ ಆಗಲಿಲ್ಲ, ಇನ್ನು ಮಂಡಿಸುವುದೆಲ್ಲಿಂದ ಬಂತು" ಎಂಬ ವಾದ ಹಲವರಿಗೆ ಹೊಳೆಯುತ್ತದೆ. ತಾನೇ ಮಾಡಿದ ತಪ್ಪನ್ನು ಇನ್ನೊಂದು ತಪ್ಪಿಗೆ ಗುರಾಣಿ ಮಾಡಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹಳೆಯ ಕಾಯ್ದೆಯ ಕಾಲದಲ್ಲೇ, ಅರವತ್ತು ವರ್ಷಕ್ಕೂ ಹಿಂದೆ ಹೇಳಿಬಿಟ್ಟಿದೆ. ಆ ದಾರಿ ಹಿಡಿಯಬೇಡಿ.

ಮೂರು ಮತ್ತು ನಾಲ್ಕು, ಕಂಪನಿ ರಿಜಿಸ್ಟ್ರಾರರಿಗೆ, ಅಂದರೆ ಆರ್‌ಒಸಿಗೆ, ಸಲ್ಲಿಸಬೇಕಾದ ಎರಡು ಫಾರಂಗಳು. ಲೆಕ್ಕಪತ್ರಕ್ಕೆ ಎಒಸಿ-4 (ಸೆಕ್ಷನ್ 137, ಎಜಿಎಂ ಆದ 30 ದಿನದೊಳಗೆ), ವಾರ್ಷಿಕ ವಿವರಪಟ್ಟಿಗೆ ಎಂಜಿಟಿ-7 (ಸೆಕ್ಷನ್ 92, 60 ದಿನದೊಳಗೆ). ಸಣ್ಣ ಕಂಪನಿಗಳಿಗೆ ಎಂಜಿಟಿ-7ಎ.

ಮೊದಲೆರಡು ಅಪರಾಧಗಳು. ಅವಕ್ಕೆ 'ಕಂಪೌಂಡಿಂಗ್' ಬೇಕು: ಮೊಕದ್ದಮೆ ನಡೆಸದೆ, ನಿಗದಿಯಾದ ಮೊತ್ತ ಕಟ್ಟಿಸಿಕೊಂಡು ಪ್ರಕರಣ ಮುಗಿಸುವ ವ್ಯವಸ್ಥೆ. ಕೊನೆಯೆರಡಕ್ಕೆ ಈಗ ಇರುವುದು ಪೆನಾಲ್ಟಿ ಮಾತ್ರ. ಅದನ್ನು ಆರ್‌ಒಸಿ ಕಚೇರಿಯೇ ವಿಚಾರಣೆ ಮಾಡಿ ವಿಧಿಸುತ್ತದೆ, ಕೋರ್ಟಿನ ಮಾತಿಲ್ಲ.

ಹಂತ 2: ಓಡುತ್ತಿರುವ ಮೀಟರ್ ನಿಲ್ಲಿಸಿ

ಫಾರಂ ತಡವಾದರೆ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ. 2018ರ ಜುಲೈ 1ರಿಂದ ಜಾರಿಯಲ್ಲಿರುವ ಈ ದರಕ್ಕೆ ಮೇಲ್ಮಿತಿ ಇಲ್ಲ. ಎರಡು ಫಾರಂ ಸೇರಿ ವರ್ಷಕ್ಕೆ 73,000 ರೂಪಾಯಿ, ಅದೂ ಒಂದೇ ಹಣಕಾಸು ವರ್ಷದ ಬಾಕಿಗೆ. ಕಂಪೌಂಡಿಂಗ್ ಆದೇಶ ಬಂದರೂ ಈ ಶುಲ್ಕ ಮನ್ನಾ ಆಗುವುದಿಲ್ಲ.

ಬಹಳ ಜನ ಎಡವುವುದು ಇಲ್ಲೇ. "ಎಜಿಎಂ ಆದ ಮೇಲಲ್ಲವೇ 30 ದಿನ? ಎಜಿಎಂ ಆಗಿಲ್ಲವಲ್ಲ, ಗಡುವೂ ಶುರುವಾಗಿಲ್ಲ" ಎಂದುಕೊಂಡು ಸುಮ್ಮನಿರುತ್ತಾರೆ. ಸಭೆ ನಡೆಯದಿದ್ದರೆ, ಅದು ನಡೆಯಬೇಕಿದ್ದ ಕೊನೆಯ ದಿನದಿಂದಲೇ ಎಣಿಕೆ ಶುರು. ಸಭೆ ಯಾಕೆ ಆಗಲಿಲ್ಲ ಎಂಬ ಕಾರಣದ ಹೇಳಿಕೆ ಲಗತ್ತಿಸಿ ಎರಡೂ ಫಾರಂ ಸಲ್ಲಿಸಲು ಕಾಯ್ದೆಯೇ ದಾರಿ ಬಿಟ್ಟಿದೆ. ಪಾಲುದಾರರ ಜಗಳದಿಂದ ಸಭೆ ಇನ್ನೂ ಆರು ತಿಂಗಳು ಆಗುವಂತಿಲ್ಲ ಎಂದಾದರೆ ಕಾಯುತ್ತಾ ಕೂರಬೇಡಿ. ಆಡಿಟ್ ಆದ ಲೆಕ್ಕಪತ್ರ ಇದ್ದರೆ ಸಲ್ಲಿಸಿಬಿಡಿ.

ಬೇಗ ಸಲ್ಲಿಸುವುದಕ್ಕೆ ಇನ್ನೊಂದು ದೊಡ್ಡ ಲಾಭವಿದೆ, ಇದು ಅನೇಕರಿಗೆ ಗೊತ್ತೇ ಇಲ್ಲ. ಈ ಎರಡು ಫಾರಂಗಳ ತಪ್ಪಿಗೆ ಪೆನಾಲ್ಟಿ 10,000 ರೂಪಾಯಿ, ಜೊತೆಗೆ ದಿನಕ್ಕೆ 100. ಕಂಪನಿಗೆ 2 ಲಕ್ಷ, ಅಧಿಕಾರಿಗೆ 50,000 ಮಿತಿ. ಆದರೆ ಆರ್‌ಒಸಿಯ ಅಡ್ಜುಡಿಕೇಷನ್ (ಪೆನಾಲ್ಟಿ ವಿಚಾರಣೆಯ) ನೋಟಿಸ್ ಬರುವ ಮೊದಲು, ಅಥವಾ ನೋಟಿಸ್ ಹೊರಟ 30 ದಿನದೊಳಗೆ, ಫಾರಂ ಸಲ್ಲಿಸಿಬಿಟ್ಟರೆ ಸೆಕ್ಷನ್ 454ರ ಪ್ರಕಾರ ಪೆನಾಲ್ಟಿಯೇ ಇಲ್ಲ, ಪ್ರಕರಣ ಅಲ್ಲಿಗೆ ಮುಕ್ತಾಯ. ತಡಶುಲ್ಕ ಮಾತ್ರ ಕಟ್ಟುತ್ತೀರಿ. ಆ 30 ದಿನ ಎಣಿಸುವುದು ನೋಟಿಸ್ ಹೊರಡಿಸಿದ ದಿನದಿಂದ, ನಿಮ್ಮ ಕೈಸೇರಿದ ದಿನದಿಂದಲ್ಲ. ಕಂಪನಿಯ ನೋಂದಾಯಿತ ವಿಳಾಸ ಹಳೆಯ ಬಾಡಿಗೆ ಮನೆಯಲ್ಲೇ ಉಳಿದುಬಿಟ್ಟಿದ್ದರೆ ಮೊದಲು ಅದನ್ನು ಬದಲಿಸಿ.

ತಡಶುಲ್ಕ ಲಕ್ಷಗಳಲ್ಲಿದ್ದರೆ, ಕಟ್ಟುವ ಮುನ್ನ ಕಂಪನಿ ವ್ಯವಹಾರಗಳ ಸಚಿವಾಲಯದ ಸುತ್ತೋಲೆಗಳನ್ನೊಮ್ಮೆ ನೋಡಿ. 2018ರಲ್ಲಿ ಮತ್ತು 2020ರಲ್ಲಿ ಬಾಕಿದಾರರಿಗಾಗಿ ವಿಶೇಷ ಯೋಜನೆಗಳು ಬಂದಿದ್ದವು. ಹಾಗೆಂದು ಮುಂದಿನ ಯೋಜನೆ ಬರಲಿ ಎಂದು ಕಾಯುವುದು ನನ್ನ ಪ್ರಕಾರ ಶುದ್ಧ ಜೂಜು.

ಹಂತ 3: ತಪ್ಪಿದ ಸಭೆಯನ್ನು ಈಗ ನಡೆಸಿ

ಗಡುವು ಮೀರಿದ ಮೇಲೆ ಸಭೆ ಕರೆಯಲು ಎನ್‌ಸಿಎಲ್‌ಟಿ ಅನುಮತಿ ಬೇಕೆಂದು ಕೆಲವರು ನಂಬಿದ್ದಾರೆ. ನಿರ್ದೇಶಕರ ಮಂಡಳಿ ತಾನೇ ಕರೆಯಬಹುದು. ತಡವಾದದ್ದು ತಪ್ಪೇ, ಆದರೆ ಸಭೆ ಅಸಿಂಧುವಲ್ಲ. ಸೆಪ್ಟೆಂಬರ್ 30ರ ಗಡುವನ್ನು 3 ತಿಂಗಳವರೆಗೆ ವಿಸ್ತರಿಸುವ ಅಧಿಕಾರ ಆರ್‌ಒಸಿಗಿದೆ ನಿಜ, ಆದರೆ ಅದನ್ನು ಗಡುವು ಮುಗಿಯುವ ಮುನ್ನ ಕೇಳಬೇಕು. ಮೊದಲ ಎಜಿಎಂಗೆ ಅದೂ ಇಲ್ಲ.

ಸಭೆ ಕರೆಯುವ ಮುನ್ನ ಮೂರು ಗುಂಡಿಗಳನ್ನು ನೋಡಿಕೊಳ್ಳಿ.

ಮೊದಲನೆಯದು, ನಿಮ್ಮ ನಿರ್ದೇಶಕರು ಇನ್ನೂ ನಿರ್ದೇಶಕರೇ? ಬೋರ್ಡ್ ನೇಮಿಸಿದ 'ಹೆಚ್ಚುವರಿ ನಿರ್ದೇಶಕ'ರ ಅವಧಿ ಮುಂದಿನ ಎಜಿಎಂವರೆಗೆ, ಅಥವಾ ಆ ಎಜಿಎಂ ನಡೆಯಬೇಕಿದ್ದ ಕೊನೆಯ ದಿನದವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ. ಸಭೆ ತಪ್ಪಿದ ದಿನವೇ ಅವರ ಹುದ್ದೆ ಹೋಗಿದೆ. ಇಬ್ಬರೇ ನಿರ್ದೇಶಕರಿದ್ದು ಒಬ್ಬರು ಹೀಗೆ ನೇಮಕವಾದವರಾಗಿದ್ದರೆ ಬೋರ್ಡಿಗೆ ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಾತಿ, ಕೂಡ ಇಲ್ಲ. ಆಗ ಉಳಿದವರು ಕೋರಂ ತುಂಬಿಸಲು ಅಥವಾ ಸಾಮಾನ್ಯ ಸಭೆ ಕರೆಯಲು ಮಾತ್ರ ಕೆಲಸ ಮಾಡಬಹುದು (ಸೆಕ್ಷನ್ 174). ಇದನ್ನು ಗಮನಿಸದೆ ಲೆಕ್ಕಪತ್ರಕ್ಕೆ ಸಹಿ ಹಾಕಿಸಿದರೆ ಇಡೀ ಸರಣಿಯೇ ದೋಷಪೂರಿತ.

ಎರಡನೆಯದು ನೋಟಿಸ್. 21 ದಿನ ಪೂರ್ತಿ ಬಿಡಬೇಕು. ಕಳಿಸಿದ ದಿನವೂ ಸಭೆಯ ದಿನವೂ ಲೆಕ್ಕಕ್ಕಿಲ್ಲ. ಖಾಸಗಿ ಕಂಪನಿಗಳು ತಮ್ಮ ನಿಯಮಾವಳಿಯಲ್ಲಿ, ಅಂದರೆ ಆರ್ಟಿಕಲ್ಸ್‌ನಲ್ಲಿ, ಕಡಿಮೆ ದಿನ ಬರೆದುಕೊಂಡಿರುತ್ತವೆ. ಆ ಸಡಿಲಿಕೆ ಸಿಗುವುದು ಎಒಸಿ-4, ಎಂಜಿಟಿ-7 ಬಾಕಿ ಇಲ್ಲದ ಕಂಪನಿಗಳಿಗೆ ಮಾತ್ರ ಎಂದು 2017ರ ಜೂನ್ 13ರ ಅಧಿಸೂಚನೆ ಹೇಳುತ್ತದೆ. ನೀವು ಬಾಕಿದಾರರು, ಹಾಗಾಗಿ 21 ದಿನವೇ ಕೊಡಿ. ಸಭೆ ಬೆಳಿಗ್ಗೆ 9ರಿಂದ ಸಂಜೆ 6ರೊಳಗೆ ಶುರುವಾಗಬೇಕು, ರಾಷ್ಟ್ರೀಯ ರಜಾದಿನ ಆಗಿರಬಾರದು. ಖಾಸಗಿ ಕಂಪನಿಗೆ ಇಬ್ಬರು ಸದಸ್ಯರು ಖುದ್ದಾಗಿ ಕೂತರೆ ಕೋರಂ; ಪ್ರಾಕ್ಸಿ (ಸದಸ್ಯರ ಬದಲಿಗೆ ಬಂದವರು) ಎಣಿಕೆಗೆ ಬರುವುದಿಲ್ಲ. ಎರಡು ವರ್ಷ ಬಾಕಿ ಇದ್ದರೆ ಎರಡು ನೋಟಿಸ್, ಎರಡು ಸಭೆ, ಎರಡು ನಡಾವಳಿ. ಒಂದೇ ದಿನ ಬೇರೆಬೇರೆ ಗಂಟೆಗೆ ನಡೆಸಿದರೂ ಸರಿ.

ಮೂರನೆಯದು ಎಲ್ಲಕ್ಕಿಂತ ಅಪಾಯಕಾರಿ: ಹಿಂದಿನ ದಿನಾಂಕ ಹಾಕುವ ಚಾಳಿ. "ಸೆಪ್ಟೆಂಬರ್ 30ಕ್ಕೇ ಸಭೆ ಆಗಿತ್ತು ಎಂದು ಬರೆದುಬಿಡೋಣ, ಯಾರು ನೋಡ್ತಾರೆ" ಎನ್ನುವ ಸಲಹೆ ನಿಮಗೂ ಬಂದಿರುತ್ತದೆ. ನೋಡುತ್ತಾರೆ. 2019ರ ಜುಲೈನಿಂದ ಪ್ರತಿ ಆಡಿಟ್ ವರದಿಗೂ ಸಿಎಗಳು ಯುಡಿಐಎನ್ ಎಂಬ ವಿಶಿಷ್ಟ ಸಂಖ್ಯೆ ಪಡೆಯಬೇಕು, ಅದು ಸಹಿಯಾದ ಕಾಲವನ್ನು ಬಯಲು ಮಾಡುತ್ತದೆ. 2023ರ ಏಪ್ರಿಲ್‌ನಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್ ಪ್ರತಿ ತಿದ್ದುಪಡಿಯ ದಾಖಲೆ ಉಳಿಸಿಕೊಳ್ಳಲೇಬೇಕು. ಸುಳ್ಳು ಹೇಳಿಕೆ ಸಾಬೀತಾದರೆ ಅದು ವಂಚನೆ, ಸೆಕ್ಷನ್ 447: 6 ತಿಂಗಳಿಂದ 10 ವರ್ಷದವರೆಗೆ ಸೆರೆ, ಜೊತೆಗೆ ದಂಡ. ಅದಕ್ಕೆ ಕಂಪೌಂಡಿಂಗ್ ಇಲ್ಲ. ದುಡ್ಡು ಕಟ್ಟಿ ಮುಗಿಯುವ ತಪ್ಪನ್ನು ಜೈಲಿನ ತಪ್ಪಾಗಿ ಬಡ್ತಿ ಕೊಡಿಸಬೇಡಿ.

ಹಂತ 4: ಯಾವ ಬಾಗಿಲು ಎಂದು ಲೆಕ್ಕ ಹಾಕಿ

ಕಂಪೌಂಡಿಂಗ್ ಸೆಕ್ಷನ್ 441ರಡಿ ಬರುತ್ತದೆ. ಆ ಅಪರಾಧಕ್ಕೆ ವಿಧಿಸಬಹುದಾದ ಗರಿಷ್ಠ ಜುಲ್ಮಾನೆ 25 ಲಕ್ಷ ಮೀರದಿದ್ದರೆ ಸಚಿವಾಲಯದ ಪ್ರಾದೇಶಿಕ ನಿರ್ದೇಶಕರೇ (ಆರ್‌ಡಿ) ಮುಗಿಸುತ್ತಾರೆ. ಮೀರಿದರೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಾಧಿಕರಣ, ಎನ್‌ಸಿಎಲ್‌ಟಿ. ಕರ್ನಾಟಕದ ಕಂಪನಿಗಳಿಗೆ ಅದರ ಬೆಂಗಳೂರು ಪೀಠ. 2019ಕ್ಕೆ ಮುಂಚೆ ಈ ಗಡಿ 5 ಲಕ್ಷ ಇತ್ತು, ಹಾಗಾಗಿ ಹಳೆಯ ಸಲಹೆ ಲೇಖನಗಳನ್ನು ನಂಬಬೇಡಿ.

ದಿನದ 5,000 ಸೇರಿಸಿದಾಗ ಸಭೆ ತಪ್ಪಿದ ಲೆಕ್ಕ ಎಷ್ಟು ಬೇಗ ಏರುತ್ತದೆ ನೋಡಿ. ಒಂದು ಕಂಪನಿ 2022-23 ಮತ್ತು 2023-24ರ ಎಜಿಎಂ ಎರಡನ್ನೂ 2025ರ ಸೆಪ್ಟೆಂಬರ್ 15ರಂದು ನಡೆಸಿತು ಎಂದಿಟ್ಟುಕೊಳ್ಳಿ. 2023-24ರದ್ದು ನಡೆಯಬೇಕಿದ್ದದ್ದು 2024ರ ಸೆಪ್ಟೆಂಬರ್ 30ರೊಳಗೆ. ತಡ 349 ದಿನ: 17.45 ಲಕ್ಷ, ಮೂಲ 1 ಲಕ್ಷ ಸೇರಿ 18.45 ಲಕ್ಷ. ಇದು ಆರ್‌ಡಿ ಮುಂದೆ. 2022-23ರದ್ದು 715 ದಿನ ತಡ: 35.75 ಲಕ್ಷಕ್ಕೆ 1 ಲಕ್ಷ ಸೇರಿ 36.75 ಲಕ್ಷ. ಇದು ಎನ್‌ಸಿಎಲ್‌ಟಿ ಮುಂದೆ. ಒಂದೇ ಕಂಪನಿ, ಒಂದೇ ತಪ್ಪು, ವರ್ಷ ಬೇರೆಯಾದ್ದರಿಂದ ಬಾಗಿಲೂ ಬೇರೆ. ಗಡಿ 480 ದಿನ. ಅದರೊಳಗೆ ಸಭೆ ನಡೆಸಿಬಿಟ್ಟರೆ ಎನ್‌ಸಿಎಲ್‌ಟಿ ಮೆಟ್ಟಿಲು ತಪ್ಪುತ್ತದೆ.

ಈ ಲಕ್ಷಗಳನ್ನು ನೋಡಿ ಎದೆ ಒಡೆದುಕೊಳ್ಳಬೇಡಿ. ಇದು ಗರಿಷ್ಠ ಮಿತಿ ಮಾತ್ರ. ತಾನಾಗಿ ಬಂದು ತಪ್ಪು ಒಪ್ಪಿ, ಸರಿಪಡಿಸಿಯೂ ಇರುವ ಸಣ್ಣ ಕಂಪನಿಗೆ ಸಾಮಾನ್ಯವಾಗಿ ನಿಗದಿಯಾಗುವುದು ಇದರ ಸಣ್ಣ ಪಾಲು. ಆದರೆ ಆ ಮೊತ್ತ ಕಂಪನಿಗೆ ಬೇರೆ, ಪ್ರತಿ ನಿರ್ದೇಶಕರಿಗೆ ಬೇರೆ. ನಿರ್ದೇಶಕರು ತಮ್ಮ ಪಾಲನ್ನು ಸ್ವಂತ ಜೇಬಿನಿಂದಲೇ ಕಟ್ಟಲು ಸಿದ್ಧರಿರಬೇಕು.

ಸೆಕ್ಷನ್ 129ರ ತಪ್ಪಿಗೆ ಗರಿಷ್ಠ ಜುಲ್ಮಾನೆ 5 ಲಕ್ಷ, ಹಾಗಾಗಿ ಆರ್‌ಡಿ ಸಾಕು. 'ಸೆರೆ ಅಥವಾ ಜುಲ್ಮಾನೆ' ಎಂದಿರುವ ಅಪರಾಧ ಕಂಪೌಂಡ್ ಆಗುತ್ತದೆ. ಸೆರೆ ಕಡ್ಡಾಯವಾಗಿರುವುದು ಆಗುವುದಿಲ್ಲ.

ಹಂತ 5: ಅರ್ಜಿ ಸಿದ್ಧಪಡಿಸಿ

ಯಾವ ಬಾಗಿಲಾದರೂ ಅರ್ಜಿ ಹೋಗುವುದು ಆರ್‌ಒಸಿ ಮೂಲಕವೇ. ಸಚಿವಾಲಯದ ಎಂಸಿಎ ಪೋರ್ಟಲ್‌ನಲ್ಲಿ ಜಿಎನ್‌ಎಲ್-1 ಫಾರಂ. ಆರ್‌ಒಸಿ ತನ್ನ ವರದಿ ಸೇರಿಸಿ ಮುಂದಕ್ಕೆ ಕಳಿಸುತ್ತದೆ. ಆ ವರದಿಯೇ ಪ್ರಕರಣದ ಬೆನ್ನೆಲುಬು. ಬೇರೆ ಫಾರಂ ಬಾಕಿ ಇವೆ ಎಂದು ಅದರಲ್ಲಿ ಬರೆದಿದ್ದರೆ ವಿಚಾರಣೆ ಮುಂದಕ್ಕೆ ಹೋಗುತ್ತಲೇ ಇರುತ್ತದೆ.

ಬೇಕಾದ ಕಾಗದಗಳು: ಅರ್ಜಿ, ಅದನ್ನು ದೃಢೀಕರಿಸುವ ಅಫಿಡವಿಟ್, ಅರ್ಜಿ ಹಾಕಲು ಒಪ್ಪಿಗೆ ಕೊಟ್ಟ ಬೋರ್ಡ್ ನಿರ್ಣಯ, ಮೆಮೊರಾಂಡಂ ಮತ್ತು ಆರ್ಟಿಕಲ್ಸ್, ತಡವಾಗಿ ನಡೆದ ಸಭೆಯ ನೋಟಿಸ್ ಮತ್ತು ನಡಾವಳಿ, ಆಡಿಟ್ ಆದ ಲೆಕ್ಕಪತ್ರ, ಸಲ್ಲಿಸಿದ ಫಾರಂಗಳ ಚಲನ್, ಬಂದಿದ್ದರೆ ಆರ್‌ಒಸಿ ನೋಟಿಸ್, ನಿಮ್ಮ ಪರ ಹಾಜರಾಗುವವರ ಅಧಿಕಾರ ಪತ್ರ. ಎನ್‌ಸಿಎಲ್‌ಟಿ ಮುಂದೆ ವಕೀಲರಷ್ಟೇ ಅಲ್ಲ, ವೃತ್ತಿನಿರತ ಸಿಎ, ಸಿಎಸ್ (ಕಂಪನಿ ಸೆಕ್ರೆಟರಿ), ಕಾಸ್ಟ್ ಅಕೌಂಟೆಂಟ್ ಕೂಡ ಹಾಜರಾಗಬಹುದು. ನೀವೇ ನಿಂತು ಹೇಳಬಹುದು.

ಅರ್ಜಿಯ ಜೀವ ಇರುವುದು 'ಕಾರಣ' ಎಂಬ ಪ್ಯಾರಾದಲ್ಲಿ. "ಅನಿವಾರ್ಯ ಕಾರಣಗಳಿಂದ" ಎಂದು ಬರೆದರೆ ಏನೂ ಬರೆಯದ ಹಾಗೆ. ಆಡಿಟರ್ ರಾಜೀನಾಮೆ ಕೊಟ್ಟಿದ್ದರೆ ಅವರ ಪತ್ರ, ಲೆಕ್ಕ ನೋಡುತ್ತಿದ್ದ ನಿರ್ದೇಶಕರು ಆಸ್ಪತ್ರೆಯಲ್ಲಿದ್ದರೆ ಡಿಸ್ಚಾರ್ಜ್ ಸಾರಾಂಶ, ಪಾಲುದಾರರ ವ್ಯಾಜ್ಯವಿದ್ದರೆ ಕೇಸ್ ನಂಬರ್, ಹೀಗೆ ಪ್ರತಿ ಮಾತಿಗೂ ಒಂದು ಕಾಗದ ಇರಲಿ. ದಿನಾಂಕಗಳ ಪಟ್ಟಿ ಮಾಡಿ: ಯಾವತ್ತು ತಪ್ಪಿತು, ಅಡ್ಡಿ ಯಾವತ್ತು ನಿವಾರಣೆಯಾಯಿತು, ಅಲ್ಲಿಂದ ಸಭೆವರೆಗೆ ಎಷ್ಟು ದಿನ. ಅಡ್ಡಿ ಕಳೆದ ಮೇಲೂ ಒಂದು ವರ್ಷ ಕೈಕಟ್ಟಿ ಕೂತಿದ್ದರೆ ಅದನ್ನೂ ವಿವರಿಸಿ. ನೀವು ಮುಚ್ಚಿಟ್ಟರೆ ಆರ್‌ಒಸಿ ವರದಿ ಹೇಳುತ್ತದೆ.

ಯಾರು ಅರ್ಜಿದಾರರು? ಕಂಪನಿ ಮತ್ತು ತಪ್ಪಿಗೆ ಹೊಣೆಯಾದ ಪ್ರತಿ ಅಧಿಕಾರಿ. ವ್ಯವಸ್ಥಾಪಕ ನಿರ್ದೇಶಕ, ಪೂರ್ಣಾವಧಿ ನಿರ್ದೇಶಕ, ಕಂಪನಿ ಸೆಕ್ರೆಟರಿ ಇವರ್ಯಾರೂ ಇಲ್ಲದ, ಹೊಣೆಯನ್ನು ಬೇರೆ ಯಾರಿಗೂ ವಹಿಸಿರದ ಸಣ್ಣ ಕಂಪನಿಗಳಲ್ಲಿ ಎಲ್ಲ ನಿರ್ದೇಶಕರೂ ಬರುತ್ತಾರೆ. ತಪ್ಪಿದ ಕಾಲದಲ್ಲಿದ್ದು ಈಗ ರಾಜೀನಾಮೆ ಕೊಟ್ಟು ಹೋದವರನ್ನೂ ಕರೆಸಿ. ಅವರನ್ನು ಬಿಟ್ಟು ಆದೇಶ ಪಡೆದರೆ ಅವರ ಮೇಲಿನ ಹೊಣೆ ಹಾಗೇ ಉಳಿಯುತ್ತದೆ, ನಾಳೆ ನಿಮ್ಮ ಮೇಲೇ ತಿರುಗಿಬೀಳುತ್ತಾರೆ.

ಎರಡು ಎಚ್ಚರಿಕೆ. ಕಂಪನಿಯ ಮೇಲೆ ಕಾಯ್ದೆಯಡಿ ತನಿಖೆ ಶುರುವಾಗಿದ್ದರೆ ಅಥವಾ ಬಾಕಿ ಇದ್ದರೆ ಕಂಪೌಂಡಿಂಗ್ ಸಿಗುವುದಿಲ್ಲ. ಒಮ್ಮೆ ಕಂಪೌಂಡ್ ಆದ ಮೇಲೆ 3 ವರ್ಷದೊಳಗೆ ಅದೇ ಬಗೆಯ ತಪ್ಪು ಮಾಡಿದರೆ ಆ ಹೊಸ ತಪ್ಪಿಗೂ ಸಿಗುವುದಿಲ್ಲ. ಹಳೆಯ ಅರ್ಜಿಯ ಓಡಾಟದಲ್ಲಿ ಈ ವರ್ಷದ ಸೆಪ್ಟೆಂಬರ್ ಮರೆತವರು ಇದ್ದಾರೆ.

ಹಂತ 6: ಆದೇಶ ಬಂದ ಮೇಲೆ

ನಿಗದಿತ ಮೊತ್ತವನ್ನು ಆದೇಶದಲ್ಲಿ ಹೇಳಿದ ಅವಧಿಯೊಳಗೆ ಕಟ್ಟಿ. ಕಂಪೌಂಡ್ ಆದ 7 ದಿನದೊಳಗೆ ಕಂಪನಿ ಆರ್‌ಒಸಿಗೆ ತಿಳಿಸಬೇಕು. ಆದೇಶದ ಪ್ರತಿಯನ್ನು ಐಎನ್‌ಸಿ-28 ಫಾರಂನಲ್ಲಿ ಸಲ್ಲಿಸಬೇಕು. ಮೊಕದ್ದಮೆ ಹೂಡುವ ಮೊದಲೇ ಕಂಪೌಂಡ್ ಆಗಿದ್ದರೆ ಆಮೇಲೆ ಯಾರೂ ಹೂಡುವಂತಿಲ್ಲ.

ನಿಮ್ಮ ಕಥೆ ಬೇರೆಯಾಗಿದ್ದರೆ

ಸಭೆ ಕರೆಯಲು ಬೋರ್ಡೇ ಒಪ್ಪುತ್ತಿಲ್ಲ, ಅಥವಾ ಅಣ್ಣತಮ್ಮಂದಿರ ಕಂಪನಿಯಲ್ಲಿ ಒಬ್ಬರು ಬೇಕೆಂದೇ ಬರದೆ ಕೋರಂ ಮುರಿಯುತ್ತಿದ್ದಾರೆ ಎಂದಾದರೆ ದಾರಿ ಸೆಕ್ಷನ್ 97. ಯಾವುದೇ ಸದಸ್ಯ, ಒಂದೇ ಷೇರು ಇದ್ದವರೂ, ಎಜಿಎಂ ಕರೆಸುವಂತೆ ಎನ್‌ಸಿಎಲ್‌ಟಿಯನ್ನು ಕೇಳಬಹುದು. ಒಬ್ಬ ಸದಸ್ಯ ಹಾಜರಿದ್ದರೂ ಸಭೆ ನಡೆದಂತೆ ಎಂದು ನಿರ್ದೇಶಿಸುವ ಅಧಿಕಾರವೂ ಅದಕ್ಕಿದೆ. ಅರ್ಜಿ ಸದಸ್ಯರಾಗಿ ಹಾಕಬೇಕು, ಕಂಪನಿಯ ಹೆಸರಲ್ಲಿ ಅಲ್ಲ.

ಪ್ರಾಮಾಣಿಕವಾಗಿ, ವಿವೇಕದಿಂದ ನಡೆದುಕೊಂಡರೂ ಸಿಕ್ಕಿಬಿದ್ದ ನಿರ್ದೇಶಕರಿಗೆ ಸೆಕ್ಷನ್ 463 ಇದೆ. ತಮ್ಮ ಮೇಲೆ ಪ್ರಕರಣ ಬರಬಹುದೆಂಬ ಭಯಕ್ಕೆ ಆಧಾರವಿದ್ದರೆ ಅವರು ನೇರವಾಗಿ ಹೈಕೋರ್ಟಿಗೆ ಹೋಗಿ ವಿನಾಯಿತಿ ಕೇಳಬಹುದು. ಲೆಕ್ಕದ ಪುಸ್ತಕವನ್ನೇ ತೋರಿಸದೆ ದೂರವಿಟ್ಟ ನಿರ್ದೇಶಕರಿಗೆ ಇದು ಉಪಯೋಗಕ್ಕೆ ಬರಬಹುದು. ಕಂಪನಿಗೆ ಇದರಿಂದ ಏನೂ ಸಿಗದು.

ಕಂಪನಿಯ ಹೆಸರೇ ರಿಜಿಸ್ಟರ್‌ನಿಂದ ತೆಗೆದುಹಾಕಲ್ಪಟ್ಟಿದ್ದರೆ ಈ ಮೇಲಿನ ಹಂತಗಳು ಆಮೇಲಿನ ಮಾತು. ಮೊದಲು ಸೆಕ್ಷನ್ 252ರಡಿ ಎನ್‌ಸಿಎಲ್‌ಟಿಯಲ್ಲಿ ಹೆಸರು ಮರಳಿ ಸೇರಿಸಿಕೊಳ್ಳಬೇಕು. ಆರ್‌ಒಸಿ ಆದೇಶದ ವಿರುದ್ಧ ಮೇಲ್ಮನವಿಗೆ 3 ವರ್ಷ. ಕಂಪನಿ, ಸದಸ್ಯ, ಸಾಲ ಕೊಟ್ಟವರು ಅಥವಾ ಕಾರ್ಮಿಕರ ಅರ್ಜಿಗೆ ಗೆಜೆಟ್ ಪ್ರಕಟಣೆಯಿಂದ 20 ವರ್ಷ. ಹೆಸರು ತೆಗೆದ ಸಮಯದಲ್ಲಿ ವ್ಯವಹಾರ ನಡೆಯುತ್ತಿತ್ತು ಎಂಬುದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್, ಜಿಎಸ್‌ಟಿ ರಿಟರ್ನ್, ಆದಾಯ ತೆರಿಗೆ ರಿಟರ್ನ್, ಸಂಬಳದ ದಾಖಲೆ, ಕಂಪನಿ ಹೆಸರಿನ ಜಮೀನಿನ ಕಾಗದ ಹಾಕಿ. ವಿಚಾರಣೆಗೆ ಕನಿಷ್ಠ 14 ದಿನ ಮುಂಚೆ ಅರ್ಜಿಯ ಪ್ರತಿ ಆರ್‌ಒಸಿಗೆ ತಲುಪಿರಬೇಕು. ಆದೇಶವಾದ 30 ದಿನದೊಳಗೆ ದೃಢೀಕೃತ ಪ್ರತಿ ಕೊಟ್ಟು, ಬಾಕಿ ಫಾರಂಗಳನ್ನೆಲ್ಲ ಸಲ್ಲಿಸಬೇಕು.

ಸತತ ಮೂರು ಹಣಕಾಸು ವರ್ಷ ಫಾರಂ ಸಲ್ಲಿಸದ ಕಂಪನಿಯ ನಿರ್ದೇಶಕರು ಸೆಕ್ಷನ್ 164ರಡಿ 5 ವರ್ಷ ಅನರ್ಹರು. ಬೇರೆ ಕಂಪನಿಗಳಲ್ಲಿ ಅವರಿಗಿರುವ ನಿರ್ದೇಶಕ ಹುದ್ದೆಯೂ ಹೋಗುತ್ತದೆ. ಕಂಪೌಂಡಿಂಗ್ ಆದೇಶ ಈ ಅನರ್ಹತೆಯನ್ನು ತೆಗೆಯುವುದಿಲ್ಲ; ಕಂಪನಿಯ ಹೆಸರು ಮರಳಿ ಬಂದರೂ ನಿರ್ದೇಶಕರ ಗುರುತಿನ ಸಂಖ್ಯೆ, ಅಂದರೆ ಡಿಐಎನ್, ತಾನಾಗಿ ಚಾಲೂ ಆಗುತ್ತದೆ ಎಂದು ಭಾವಿಸಬೇಡಿ. ಅದನ್ನು ಪ್ರಶ್ನಿಸಬೇಕಿದ್ದರೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಬೇರೆಯೇ ಹಾಕಬೇಕು. ಎರಡು ವರ್ಷ ಬಾಕಿ ಇಟ್ಟುಕೊಂಡು ಇದನ್ನು ಓದುತ್ತಿರುವವರು ಮೂರನೆಯ ವರ್ಷದ ಎಒಸಿ-4 ಗಡುವು ಯಾವತ್ತು ಎಂದು ಇವತ್ತೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.